ಯಾರಿಗೂ ಹೇಳಬೇಡಿ ಸಿಸ್ಟರ್

ಹದಿಹರೆಯದ ರೋಗಿಗಳ ಶುಶ್ರೂಷೆಯ ಬಗ್ಗೆ ಪ್ರಶ್ನೆಗಳಿದ್ದರೆ ಬರೆಯಿರಿ ಎಂದು ಎರಡು ಸಂಚಿಕೆಗಳ ಹಿಂದೆ ಕೇಳಿದ್ದೆ. ಬಂದ ಪತ್ರಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಓದಿದೆ. ಬರೆದವರಲ್ಲಿ ನರ್ಸ್‌ಗಳಿದ್ದಾರೆ, ತಾಯಂದಿರಿದ್ದಾರೆ, ಒಬ್ಬ ಹಾಸ್ಟೆಲ್ ವಾರ್ಡನ್ ಇದ್ದಾರೆ, ಪಿಯುಸಿ ಓದುವ ಹುಡುಗಿಯೂ ಇದ್ದಾಳೆ. ಹೆಚ್ಚಿನ ಪತ್ರಗಳಲ್ಲಿ ಎಲ್ಲೋ ಒಂದು ಕಡೆ ‘ಯಾರಿಗೂ ಹೇಳಬೇಡಿ’ ಎಂಬ ಮಾತು ಬಂದೇ ಬರುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದ ನಾನು ಈ ಮಾತನ್ನು ಹೆರಿಗೆ ವಾರ್ಡಿನ ಬಾಗಿಲಲ್ಲಿ ಕೇಳಿದ್ದೇನೆ, ರಾತ್ರಿ ಎರಡು ಗಂಟೆಗೆ ಡ್ರಿಪ್ ಬಾಟಲಿ ಬದಲಿಸುವಾಗ ಕೇಳಿದ್ದೇನೆ. ಒಮ್ಮೆ ಅದಕ್ಕೆ ತಪ್ಪು ಉತ್ತರವನ್ನೂ ಕೊಟ್ಟಿದ್ದೇನೆ. ಆ ಕಥೆ ಮುಂದೆ ಬರುತ್ತದೆ. ಬರೆದವರ ಹೆಸರು, ಊರುಗಳನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿ. ಎರಡು ವಾರಗಳ ಹಿಂದೆ ಐದು ತಿಂಗಳ ಬಸುರಿಯೊಬ್ಬಳನ್ನು ಅವಳ ತಾಯಿ ಕರೆತಂದರು. ಆಧಾರ್ ಪ್ರಕಾರ ಹುಡುಗಿಗೆ 17 ತುಂಬಿ ಎರಡು ತಿಂಗಳಾಗಿದೆ. ಊರಿನಲ್ಲೇ ಮದುವೆ ಮಾಡಿದ್ದಾರೆ. ‘ತಾಯಿ ಕಾರ್ಡಿನಲ್ಲಿ ಹದಿನೆಂಟು ಎಂದು ಬರೆದುಬಿಡಿ ಸಿಸ್ಟರ್, ಯಾರಿಗೂ ಹೇಳಬೇಡಿ, ಅಳಿಯ ಜೈಲಿಗೆ ಹೋದರೆ ನನ್ನ ಮಗಳ ಗತಿ ಏನು’ ಎಂದು ಆ ತಾಯಿ ನನ್ನ ಕೈ ಹಿಡಿದು ಅತ್ತರು. ನಾನು ವೈದ್ಯಾಧಿಕಾರಿಗೆ ತಿಳಿಸಿದೆ. ಪೊಲೀಸರಿಗೆ ಮಾಹಿತಿ ಹೋಯಿತು. ಆ ಹುಡುಗಿ ಮತ್ತೆ ತಪಾಸಣೆಗೆ ಬಂದಿಲ್ಲ. ನಾನು ಮಾಡಿದ್ದು ಸರಿಯೇ?

ಉತ್ತರ: ತಂಗಿ, ನೀವು ಹದಿನೆಂಟು ಎಂದು ಬರೆಯದಿದ್ದುದು ಸರಿ. ವೈದ್ಯಾಧಿಕಾರಿಗೆ ತಿಳಿಸಿದ್ದೂ ಸರಿ. ಆದರೆ ‘ಸರಿಯೇ’ ಎಂದು ಕೇಳುವ ಮೊದಲು ನೀವು ಬರೆದ ಸಾಲು ನನ್ನನ್ನು ಕಾಡುತ್ತಿದೆ. ಆ ಹುಡುಗಿ ಮತ್ತೆ ಬಂದಿಲ್ಲ. ನಿಮ್ಮ ಕೆಲಸದ ಅರ್ಧ ಇನ್ನೂ ಅಲ್ಲೇ ಉಳಿದಿದೆ.

ಮೊದಲು ಕಾನೂನಿನ ವಿಷಯ ಮುಗಿಸೋಣ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಸ್ಥಳೀಯ ಪೊಲೀಸರಿಗೋ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು ಎಂದು ಅದರ 19ನೇ ಸೆಕ್ಷನ್ ಹೇಳುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ದಂಡ, ಅಥವಾ ಎರಡೂ. ‘ನಾನು ಬರೀ ನರ್ಸ್, ಅದು ಡಾಕ್ಟರ ಜವಾಬ್ದಾರಿ’ ಎಂದು ತಪ್ಪಿಸಿಕೊಳ್ಳುವ ದಾರಿ ಅದರಲ್ಲಿಲ್ಲ. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ಹಾಕುವಂತಿಲ್ಲ ಎಂಬ ರಕ್ಷಣೆಯೂ ಅದೇ ಸೆಕ್ಷನ್ನಿನಲ್ಲಿದೆ. ಮದುವೆಯಾಗಿದೆಯಲ್ಲ ಎಂಬ ವಾದಕ್ಕೆ 2017ರ ಅಕ್ಟೋಬರ್ 11ರಂದೇ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ: ಹೆಂಡತಿಗೆ 18 ತುಂಬಿರದಿದ್ದರೆ ಗಂಡನಿಗೂ ವಿನಾಯಿತಿ ಇಲ್ಲ. ನಮ್ಮ ರಾಜ್ಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಾಲ್ಯವಿವಾಹವೇ ಮೊದಲಿನಿಂದಲೂ ಅಸಿಂಧು ಎಂದು ತಿದ್ದುಪಡಿ ಮಾಡಿದ್ದಾರೆ. ಅದಕ್ಕೆ 2017ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿಗಳ ಅಂಕಿತವಾಯಿತು.

ವಯಸ್ಸು ತಿದ್ದಿ ಬರೆದಿದ್ದರೆ ಕಾನೂನಿನ ತೊಂದರೆ ನಿಮಗೆ ಬರುತ್ತಿತ್ತು, ಅದಿರಲಿ. ಆ ಹುಡುಗಿಗೆ ಆಗುತ್ತಿದ್ದ ಹಾನಿಯನ್ನು ನೋಡಿ. ಇನ್ನೂ ಬೆಳೆಯುತ್ತಿರುವ ಮೈ ಅದು. ರಕ್ತಹೀನತೆ, ರಕ್ತದೊತ್ತಡ ಏರಿ ಫಿಟ್ಸ್ ಬರುವುದು, ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕದ ಮಗು, ಇವೆಲ್ಲ ಈ ವಯಸ್ಸಿನಲ್ಲಿ ಹೆಚ್ಚು. ಕಾರ್ಡಿನಲ್ಲಿ 17 ಎಂದಿದ್ದರೆ ನೋಡಿದ ಪ್ರತಿಯೊಬ್ಬ ಸಿಸ್ಟರ್ ಎಚ್ಚರವಾಗುತ್ತಾಳೆ. 18 ಎಂದು ಬರೆದರೆ ಆ ಎಚ್ಚರವನ್ನೇ ಅಳಿಸಿದಂತೆ.

ಇನ್ನು, ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ. ನೀವು ಆ ಹುಡುಗಿಯೊಂದಿಗೆ ಮಾತನಾಡಿದಿರೇ? ಪತ್ರದಲ್ಲಿ ತಾಯಿ ಅಳುತ್ತಾರೆ, ಅಳಿಯನ ಜೈಲಿನ ಮಾತು ಬರುತ್ತದೆ, ವೈದ್ಯಾಧಿಕಾರಿ ಬರುತ್ತಾರೆ. ಹುಡುಗಿಯ ಬಾಯಿಂದ ಒಂದು ಮಾತೂ ಇಲ್ಲ. ಐದು ತಿಂಗಳು ಎಂದರೆ 20 ವಾರದ ಆಸುಪಾಸು. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ನಂತರ 18ರೊಳಗಿನವರಿಗೆ 24 ವಾರಗಳವರೆಗೆ, ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ, ಗರ್ಭಪಾತಕ್ಕೆ ಅವಕಾಶವಿದೆ. ಪೋಷಕರ ಲಿಖಿತ ಸಮ್ಮತಿ ಬೇಕು. ಈ ಮಗು ಬೇಕು ಎಂದೇ ಅವಳು ಹೇಳಬಹುದಿತ್ತು. ಆದರೆ ಬೇರೆ ದಾರಿಯೂ ಇದೆ ಎಂದು ಅವಳಿಗೆ ತಿಳಿಯಲೇಬೇಕಿತ್ತು, ಅದೂ ವಾರಗಳು ಕಳೆದುಹೋಗುವ ಮೊದಲು. ಇದೇ ಸಂದರ್ಭಕ್ಕೆ ಸಂಬಂಧಿಸಿದ ಇನ್ನೊಂದು ತೀರ್ಪು ಎಷ್ಟೋ ಆಸ್ಪತ್ರೆಗಳಲ್ಲಿ ಗೊತ್ತಿಲ್ಲ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೀಗೆಂದಿತು: ಗರ್ಭಪಾತಕ್ಕೆ ಬಂದ ಅಪ್ರಾಪ್ತ ಹುಡುಗಿ ಮತ್ತು ಅವಳ ಪೋಷಕರು ಕೋರಿದರೆ, ಪೋಕ್ಸೊ ಅಡಿ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ವೈದ್ಯರು ಅವಳ ಹೆಸರು, ವಿವರಗಳನ್ನು ಬಹಿರಂಗಪಡಿಸಬೇಕಾಗಿಲ್ಲ. ಮಾಹಿತಿ ಕೊಡುವ ಕರ್ತವ್ಯ ಹಾಗೆಯೇ ಇರುತ್ತದೆ, ಹೆಸರು ಮಾತ್ರ ಮರೆಯಲ್ಲಿರುತ್ತದೆ. ಕೇಸಿನ ಭಯಕ್ಕೆ ಊರಿನ ಯಾರದೋ ಕೈಗೆ ಸಿಕ್ಕಿ ಸಾಯುವ ಹುಡುಗಿಯರನ್ನು ಆಸ್ಪತ್ರೆಯ ಬಾಗಿಲಿಗೆ ತರಲು ಮಾಡಿದ ವ್ಯವಸ್ಥೆ ಇದು.

ನನ್ನ ಮನಸ್ಸಿನಲ್ಲಿರುವುದನ್ನೂ ಹೇಳುತ್ತೇನೆ. 17ರ ಹುಡುಗಿ ತಾನೇ ಮೆಚ್ಚಿದ ಹುಡುಗನ ಜೊತೆ ಹೋದದ್ದನ್ನೂ, ಎಂಟು ವರ್ಷದ ಮಗುವಿನ ಮೇಲೆ ನಡೆದ ಕ್ರೌರ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಕಷ್ಟವಾಗುತ್ತದೆ. ವಯಸ್ಸಿನ ಮಿತಿಯನ್ನು ಮರುಪರಿಶೀಲಿಸಬೇಕು ಎಂದು 2022ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠವೇ ಕಾನೂನು ಆಯೋಗಕ್ಕೆ ಸೂಚಿಸಿತ್ತು. ಮರುವರ್ಷ ಆಯೋಗವು ತನ್ನ 283ನೇ ವರದಿಯಲ್ಲಿ ವಯಸ್ಸನ್ನು ಇಳಿಸುವುದು ಬೇಡ, 16ರಿಂದ 18ರ ನಡುವಿನ ಪ್ರಕರಣಗಳಲ್ಲಿ ನ್ಯಾಯಾಧೀಶರ ವಿವೇಚನೆಗೆ ಅವಕಾಶವಿರಲಿ ಎಂದಿತು. ಚರ್ಚೆ ನಡೆಯುತ್ತಿದೆ, ನಡೆಯಲಿ. ಆದರೆ ಆ ವಿವೇಚನೆ ನ್ಯಾಯಾಧೀಶರದು. ಡ್ಯೂಟಿ ರೂಮಿನಲ್ಲಿ ಕುಳಿತು ‘ಇದು ಪ್ರೇಮ, ಇದು ಬಲಾತ್ಕಾರ’ ಎಂದು ನಾನು ವಿಂಗಡಿಸಲು ಹೊರಟರೆ, ಹೆದರಿಕೆಯಿಂದ ‘ಇಷ್ಟಪಟ್ಟೇ ಹೋದೆ’ ಎಂದು ಹೇಳುವ ಹುಡುಗಿಯನ್ನು ಕೈಬಿಟ್ಟಂತಾಗುತ್ತದೆ. ಅಂಥವರನ್ನು ನಾನು ಕಂಡಿದ್ದೇನೆ.

ಈಗ ಉಳಿದ ಅರ್ಧ ಕೆಲಸ. ಆ ಊರಿನ ಆಶಾ ಕಾರ್ಯಕರ್ತೆಯನ್ನು ಕರೆದು ಮಾತನಾಡಿ. ಸಾಧ್ಯವಾದರೆ ಅವರ ಜೊತೆ ನೀವೇ ಹೋಗಿ. ಸಮವಸ್ತ್ರ ಬೇಡ, ಆಸ್ಪತ್ರೆಯ ವಾಹನ ಮನೆ ಮುಂದೆ ನಿಲ್ಲುವುದೂ ಬೇಡ. ದೂರಿಗೂ ತಪಾಸಣೆಗೂ ಸಂಬಂಧವಿಲ್ಲ, ಕಬ್ಬಿಣದ ಮಾತ್ರೆ, ಸ್ಕ್ಯಾನಿಂಗ್, ಹೆರಿಗೆ ಎಲ್ಲವೂ ಮೊದಲಿನಂತೆಯೇ ಸಿಗುತ್ತವೆ ಎಂದು ಹುಡುಗಿಗೆ ಹೇಳಿ. ಪೊಲೀಸರು ಹೇಗೆ ನಡೆದುಕೊಳ್ಳಬೇಕು ಎಂಬುದನ್ನೂ ತಿಳಿಸಿ. ಹೇಳಿಕೆಯನ್ನು ಅವಳ ಮನೆಯಲ್ಲೋ ಅವಳು ಇಷ್ಟಪಡುವ ಜಾಗದಲ್ಲೋ ಪಡೆಯಬೇಕು. ಬರುವ ಅಧಿಕಾರಿ ಸಾಧ್ಯವಾದಷ್ಟೂ ಮಹಿಳೆಯೇ ಆಗಿರಬೇಕು, ಸಮವಸ್ತ್ರದಲ್ಲಿ ಇರಕೂಡದು. ರಾತ್ರಿ ಹೊತ್ತು ಮಗುವನ್ನು ಯಾವ ಕಾರಣಕ್ಕೂ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಇವು ಯಾರೋ ತೋರುವ ಕರುಣೆಯಲ್ಲ, ಕಾಯ್ದೆಯಲ್ಲೇ ಬರೆದಿರುವ ಮಾತುಗಳು. ಇಷ್ಟನ್ನು ದೂರು ಹೋಗುವ ಮೊದಲೇ, ಹುಡುಗಿಯ ಪಕ್ಕ ಕುಳಿತು ಹೇಳಿದ್ದರೆ ಅವಳು ಮರಳಿ ಬರುತ್ತಿದ್ದಳೇನೋ. ಮುಂದಿನ ಹುಡುಗಿಗೆ ಹಾಗೆ ಮಾಡಿ.

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಸುಸ್ತು, ಊಟ ಸೇರುವುದಿಲ್ಲ ಎಂದು ಜಿಲ್ಲಾ ಆಸ್ಪತ್ರೆಯ ‘ಸ್ನೇಹ ಕ್ಲಿನಿಕ್’ಗೆ ಕರೆದೊಯ್ದೆ. ಅಲ್ಲಿದ್ದ ಸಿಸ್ಟರ್ ‘ಅಮ್ಮ, ನೀವು ಸ್ವಲ್ಪ ಹೊರಗೆ ಕೂತಿರಿ’ ಎಂದು ನನ್ನನ್ನೇ ಹೊರಗೆ ಕಳುಹಿಸಿದರು. ಇಪ್ಪತ್ತು ನಿಮಿಷ ಬಾಗಿಲು ಹಾಕಿತ್ತು. ಏನು ಮಾತನಾಡಿದಿರಿ ಎಂದು ಕೇಳಿದರೆ ಇಬ್ಬರೂ ಹೇಳಲಿಲ್ಲ. ಹೆತ್ತ ತಾಯಿಯಿಂದ ಮುಚ್ಚಿಡುವ ಹಕ್ಕು ಅವರಿಗೆ ಇದೆಯೇ?

ಉತ್ತರ: ತಾಯಿ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ನನಗೂ ಇಬ್ಬರು ಮಕ್ಕಳು, ನನ್ನನ್ನೂ ಒಮ್ಮೆ ಹೀಗೆಯೇ ಹೊರಗೆ ಕೂರಿಸಿದ್ದರು. ನರ್ಸ್ ಆಗಿದ್ದರೂ ಆ ಬೆಂಚಿನ ಮೇಲೆ ಕುಳಿತಿರುವುದು ಕಷ್ಟವಾಯಿತು.

ಆ ಸಿಸ್ಟರ್ ಮಾಡಿದ್ದು ಅವರ ಕೆಲಸವನ್ನೇ. 10ರಿಂದ 19 ವರ್ಷದವರಿಗಾಗಿ 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಈ ಕ್ಲಿನಿಕ್‌ಗಳು ನಡೆಯುತ್ತವೆ. ಮಗುವನ್ನು ಒಂಟಿಯಾಗಿ ಮಾತನಾಡಿಸುವುದು ಅಲ್ಲಿನ ಕೆಲಸದ ತಿರುಳು. ಮೊದಲು ಮನೆಯಲ್ಲಿ ಯಾರು ಯಾರಿದ್ದೀರಿ ಎಂದು ಕೇಳುತ್ತಾರೆ. ಆಮೇಲೆ ಶಾಲೆ, ಊಟ, ಗೆಳೆಯರು, ಬಿಡುವಿನ ಹೊತ್ತು. ಹುಡುಗ ಸ್ವಲ್ಪ ಸಡಿಲವಾದ ಮೇಲೆ ಗುಟ್ಕಾ, ಸಿಗರೇಟು, ದೇಹದ ಬದಲಾವಣೆಗಳು. ಕೊನೆಯಲ್ಲಿ, ‘ಬದುಕೇ ಬೇಡ ಅನ್ನಿಸಿದೆಯಾ’ ಎಂಬ ಪ್ರಶ್ನೆ. ತಾಯಿ ಎದುರಿಗಿದ್ದರೆ ಇದರಲ್ಲಿ ಅರ್ಧ ಪ್ರಶ್ನೆಗೆ ಉತ್ತರ ನೆಲ ನೋಡುವುದೇ ಆಗಿರುತ್ತದೆ. ಈ ವಯಸ್ಸಿನ ಗಂಡುಮಕ್ಕಳು ನನ್ನ ಹತ್ತಿರ ಗುಟ್ಟಾಗಿ ಕೇಳಿದ್ದರಲ್ಲಿ ಹೆಚ್ಚಿನದು ಸ್ವಪ್ನಸ್ಖಲನದ ಬಗ್ಗೆ. ಇದರಿಂದ ಶಕ್ತಿ ಹೋಗುತ್ತದೆ, ಸಾಯುತ್ತೇನೆ ಎಂದು ಹೆದರಿ ಊಟ ಬಿಟ್ಟ ಹುಡುಗರಿದ್ದರು. ಅದು ಸಹಜ ಎಂಬ ಎರಡು ನಿಮಿಷದ ಮಾತಿಗೆ ಅವರ ಹಸಿವೆ ಮರಳುತ್ತಿತ್ತು. ಆ ಮಾತನ್ನು ಅಮ್ಮನ ಮುಂದೆ ಅವರು ಆಡುವುದಿಲ್ಲ. ನಿಮ್ಮ ಮಗನದೂ ಅದೇ ಎಂದು ನಾನು ಹೇಳುತ್ತಿಲ್ಲ.

ನಿಮ್ಮ ಹಕ್ಕು ಎಲ್ಲಿದೆ ಎಂದೂ ಹೇಳಬೇಕು. ರಕ್ತಪರೀಕ್ಷೆಯ ಫಲಿತಾಂಶ, ಯಾವ ಔಷಧಿ, ಏಕೆ, ಎಷ್ಟು ದಿನ ಎಂಬುದನ್ನು ಕೇಳಿ ತಿಳಿಯಿರಿ. 18ರವರೆಗೆ ಚಿಕಿತ್ಸೆಗೆ ಸಹಿ ಮಾಡುವವರು ನೀವೇ. ಮಗ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯಲ್ಲಿದ್ದರೆ, ಇನ್ನೊಬ್ಬರಿಗೆ ಹಾನಿ ಮಾಡುವಂತಿದ್ದರೆ, ಯಾರಾದರೂ ಅವನ ಮೇಲೆ ದೌರ್ಜನ್ಯ ಮಾಡುತ್ತಿದ್ದರೆ ಆ ಸಿಸ್ಟರ್ ಸುಮ್ಮನಿರುವಂತಿಲ್ಲ. ಅವರು ನಿಮಗೆ ಏನನ್ನೂ ಹೇಳದೆ ಕಳುಹಿಸಿದ್ದಾರೆ ಎಂದರೆ ಆ ಮಾತುಗಳಲ್ಲಿ ಅಂಥ ಅಪಾಯ ಅವರಿಗೆ ಕಂಡಿಲ್ಲ ಎಂದು ತಿಳಿಯಬಹುದು. ಆದರೆ ಇದನ್ನು ನಿಮ್ಮನ್ನು ಹೊರಗೆ ಕಳುಹಿಸುವ ಮೊದಲೇ, ನಿಮ್ಮಿಬ್ಬರ ಎದುರಿಗೇ ಅವರು ವಿವರಿಸಬೇಕಿತ್ತು. ಅದು ಅವರಿಂದಾದ ಲೋಪ. ಮುಂದಿನ ಭೇಟಿಯಲ್ಲಿ ಕೇಳಿ, ಖಂಡಿತ ಹೇಳುತ್ತಾರೆ. ಮಗನನ್ನು ಮಾತ್ರ ದಾರಿಯುದ್ದಕ್ಕೂ ವಿಚಾರಣೆ ಮಾಡಬೇಡಿ.

ಪ್ರಶ್ನೆ: ನಾನು ಜಿ.ಎನ್.ಎಂ. ನರ್ಸಿಂಗ್ ಡಿಪ್ಲೊಮಾದ ಮೂರನೇ ವರ್ಷದ ವಿದ್ಯಾರ್ಥಿನಿ. ಕ್ಲಿನಿಕಲ್ ಪೋಸ್ಟಿಂಗ್‌ನಲ್ಲಿ, ಜೀವ ಕಳೆದುಕೊಳ್ಳಲು ಯತ್ನಿಸಿ ಬದುಕುಳಿದ 16 ವರ್ಷದ ಹುಡುಗನನ್ನು ನೋಡಿಕೊಳ್ಳುತ್ತಿದ್ದೆ. ‘ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣ) ಮಾಡಬೇಡಿ, ಕೇಸಾದರೆ ಹುಡುಗನ ಭವಿಷ್ಯ ಹಾಳಾಗುತ್ತದೆ’ ಎಂದು ಅವನ ತಂದೆ ಬೇಡಿಕೊಳ್ಳುತ್ತಿದ್ದರು. ಮರುದಿನ ಹುಡುಗ ನನ್ನೊಬ್ಬಳಿಗೇ, ಮನೆಗೆ ಹೋದ ಮೇಲೆ ಮತ್ತೆ ಹಾಗೇ ಮಾಡುವುದಾಗಿ ಹೇಳಿ, ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಆಣೆ ಮಾಡಿಸಿಕೊಂಡ. ನಾನು ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿಬಿಟ್ಟೆ. ಹುಡುಗ ನನ್ನ ಮುಖ ನೋಡುತ್ತಿಲ್ಲ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ಮಗಳೇ, ನೀನು ಒಂದು ಜೀವ ಉಳಿಸುವ ಕೆಲಸ ಮಾಡಿದ್ದೀಯೆ. ಮೊದಲು ಅದನ್ನು ನಂಬು.

ಆರಂಭದಲ್ಲಿ ಹೇಳುತ್ತೇನೆ ಎಂದ ಕಥೆ ಇದೇ. ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಹೊಟ್ಟೆನೋವೆಂದು ದಾಖಲಾಗಿದ್ದ ಹುಡುಗಿಯೊಬ್ಬಳು, 14 ಇರಬಹುದು, ರಾತ್ರಿಪಾಳಿಯಲ್ಲಿ ನನ್ನ ಸೆರಗು ಹಿಡಿದು ನಿಲ್ಲಿಸಿದಳು. ಮನೆಗೆ ಬಂದು ಹೋಗುವ ಸಂಬಂಧಿಕನೊಬ್ಬನ ಬಗ್ಗೆ ಹೇಳಿದಳು. ಹೇಳುವ ಮೊದಲು ‘ಯಾರಿಗೂ ಹೇಳಬೇಡಿ’ ಎಂದಳು. ‘ದೇವರಾಣೆ ಹೇಳುವುದಿಲ್ಲ’ ಎಂದೆ. ಬೆಳಗ್ಗೆ ರೌಂಡ್ಸ್‌ನಲ್ಲಿ ಡಾಕ್ಟರಿಗೆ ಹೇಳಿದೆ. ಹಾಸಿಗೆಯ ಬುಡದಲ್ಲಿ ನಿಂತೇ ಹೇಳಿದೆ. ಇಬ್ಬರು ಹೌಸ್ ಸರ್ಜನ್‌ಗಳು, ಆಯಾ, ಪಕ್ಕದ ಮಂಚದ ಅಜ್ಜಿ ಎಲ್ಲರಿಗೂ ಕೇಳಿಸಿತು. ಹುಡುಗಿ ಗೋಡೆಯ ಕಡೆ ತಿರುಗಿದಳು. ಡಿಸ್ಚಾರ್ಜ್ ಆಗುವವರೆಗೆ ನನ್ನ ಕೈಯಿಂದ ಒಂದು ಮಾತ್ರೆಯನ್ನೂ ತೆಗೆದುಕೊಳ್ಳಲಿಲ್ಲ. ಹೇಳಿದ್ದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಇಟ್ಟ ಆಣೆ ತಪ್ಪು, ಹೇಳಿದ ಜಾಗ ತಪ್ಪು, ಹೇಳುವ ಮೊದಲು ಅವಳಿಗೆ ತಿಳಿಸದೆ ಹೋದದ್ದು ಇನ್ನೂ ದೊಡ್ಡ ತಪ್ಪು.

ಆಮೇಲೆ ನಾನು ಒಂದು ಮಾತು ಕಲಿತೆ. ಯಾವ ಮಗುವೇ ‘ಯಾರಿಗೂ ಹೇಳಬೇಡಿ’ ಎಂದರೂ ಅದು ಮುಂದುವರಿಸುವ ಮೊದಲೇ ಹೇಳುತ್ತಿದ್ದೆ: ‘ನಿನ್ನ ಜೀವಕ್ಕೆ ಅಪಾಯ ಇರುವ ವಿಷಯವಾದರೆ ನಾನು ಒಬ್ಬರಿಗೆ ಹೇಳಲೇಬೇಕಾಗುತ್ತದೆ. ಆದರೆ ಯಾರಿಗೆ ಹೇಳುತ್ತೇನೆ, ಏನು ಹೇಳುತ್ತೇನೆ ಎಂದು ಮೊದಲು ನಿನಗೆ ತಿಳಿಸುತ್ತೇನೆ. ಬೇಕಾದರೆ ನೀನೂ ಜೊತೆಗಿರು.’ ಇದನ್ನು ಕೇಳಿದ ಮೇಲೆ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ನನ್ನ ವಿದ್ಯಾರ್ಥಿನಿಯರು ವಾದಿಸುತ್ತಾರೆ. ಕೆಲವರು ಮುಚ್ಚಿಕೊಂಡರು, ನಿಜ. ಹೆಚ್ಚಿನವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಹೇಳಬೇಕು ಎಂದೇ ಅವರು ಸೆರಗು ಹಿಡಿದಿರುತ್ತಾರೆ.

ನಾಳೆ ಆ ಹುಡುಗನ ಹತ್ತಿರ ಹೋಗು. ‘ಆಣೆ ಮಾಡಬಾರದಿತ್ತು, ಮಾಡಿದೆ, ಅದು ನನ್ನ ತಪ್ಪು. ಹೇಳಿದ್ದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ, ನೀನು ಬದುಕಿರಬೇಕು ಎಂದು ನನಗೆ ಅನ್ನಿಸಿತು’ ಎಂದು ಹೇಳು. ಅವನು ಮಾತನಾಡದಿದ್ದರೆ ಟಿ.ಪಿ.ಆರ್. (ಜ್ವರ, ನಾಡಿ, ಉಸಿರಾಟ) ನೋಡಿ ಬಾ. ಮರುದಿನ ಮತ್ತೆ ಹೋಗು.

ತಂದೆಯ ಭಯಕ್ಕೆ ಉತ್ತರ ಕಾನೂನಿನಲ್ಲೇ ಇದೆ. ಎಂ.ಎಲ್.ಸಿ. ದಾಖಲಿಸುವುದು ವೈದ್ಯರ ಕರ್ತವ್ಯ, ಅದನ್ನು ಬಿಡಲಾಗುವುದಿಲ್ಲ. ಆದರೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 115ನೇ ಸೆಕ್ಷನ್ ಪ್ರಕಾರ, ಇಂಥ ಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು. ಆರೈಕೆ, ಚಿಕಿತ್ಸೆ ಒದಗಿಸುವುದು ಸರ್ಕಾರದ ಹೊಣೆ. ಇಂಥ ಯತ್ನವನ್ನು ಅಪರಾಧ ಎನ್ನುತ್ತಿದ್ದ, ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ 2024ರ ಜುಲೈ 1ರಿಂದ ಇಲ್ಲವೇ ಇಲ್ಲ. ಹೊಸ ನ್ಯಾಯ ಸಂಹಿತೆಯಲ್ಲಿ ಉಳಿದಿರುವುದು, ಸರ್ಕಾರಿ ನೌಕರರನ್ನು ಒತ್ತಾಯಿಸಲು ಅಥವಾ ತಡೆಯಲು ಮಾಡುವ ಯತ್ನ ಮಾತ್ರ. ಇದನ್ನು ಆ ತಂದೆಗೆ ಯಾರಾದರೂ ಕೂರಿಸಿ ಹೇಳಿದರೇ? ಹೇಳಿದ್ದರೆ ಅವರು ಕೇಸಿನ ಚಿಂತೆ ಬಿಟ್ಟು ಮಗನ ಕಡೆ ತಿರುಗುತ್ತಿದ್ದರು. ಮಾನಸಿಕ ಆರೋಗ್ಯ ಸಂಸ್ಥೆಗೆ ಸೇರಿಸಬೇಕಾಗಿ ಬಂದರೂ 18ರೊಳಗಿನವರನ್ನು ದೊಡ್ಡವರ ಜೊತೆ ಇಡುವಂತಿಲ್ಲ, ಪೋಷಕರು ಅಥವಾ ಅವರು ನೇಮಿಸಿದವರು ಉದ್ದಕ್ಕೂ ಜೊತೆಗಿರಬೇಕು ಎಂದು ಅದೇ ಕಾಯ್ದೆಯ 87ನೇ ಸೆಕ್ಷನ್ ಹೇಳುತ್ತದೆ. ಮನೆಗೆ ಕಳುಹಿಸುವಾಗ ಟೆಲಿ ಮನಸ್ ಸಹಾಯವಾಣಿ 14416 ಎಂದು ಡಿಸ್ಚಾರ್ಜ್ ಚೀಟಿಯ ಹಿಂದೆ ದೊಡ್ಡದಾಗಿ ಬರೆದುಕೊಡು. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ.

ನಿದ್ದೆ ಬರುತ್ತಿಲ್ಲ ಎಂದಿದ್ದೀಯೆ. ಅದನ್ನು ನಿನ್ನ ಟ್ಯೂಟರ್ ಹತ್ತಿರ ಹೇಳು. ಆ ಸಂಖ್ಯೆಗೆ ನೀನೂ ಕರೆ ಮಾಡಬಹುದು.

ಪ್ರಶ್ನೆ: ನಾನು ಬಾಲಕರ ಹಾಸ್ಟೆಲ್ ವಾರ್ಡನ್. ಮಹಡಿ ಮೆಟ್ಟಿಲಿನಿಂದ ಬಿದ್ದು ಪ್ರಜ್ಞೆ ತಪ್ಪಿದ 16 ವರ್ಷದ ಹುಡುಗನನ್ನು ಖಾಸಗಿ ಆಸ್ಪತ್ರೆಯೊಂದಕ್ಕೆ ಒಯ್ದೆವು. ‘ತಂದೆತಾಯಿ ಸಹಿ ಇಲ್ಲದೆ ಮುಟ್ಟುವುದಿಲ್ಲ’ ಎಂದರು. ಅವರ ಊರು ಆರು ಗಂಟೆ ದಾರಿ. ಹಾಗೆ ಹೇಳಬಹುದೇ?

ಉತ್ತರ: ಹೇಳಬಾರದು. ಜೀವಕ್ಕೆ ಅಪಾಯವಿರುವಾಗ, ಸಮ್ಮತಿ ಕೊಡುವವರು ಸಮಯಕ್ಕೆ ಸಿಗದಿದ್ದಾಗ, ರೋಗಿಯ ಹಿತಕ್ಕಾಗಿ ಸದುದ್ದೇಶದಿಂದ ಮಾಡಿದ ಚಿಕಿತ್ಸೆ ಅಪರಾಧವಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್ ಹೇಳುತ್ತದೆ. ಹಳೆಯ ಸಂಹಿತೆಯಲ್ಲಿ 92 ಆಗಿದ್ದದ್ದು ಇದೇ. ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ, ಪರಮಾನಂದ ಕಟಾರ ಪ್ರಕರಣದಲ್ಲಿ, ಸರ್ಕಾರಿ ಮತ್ತು ಖಾಸಗಿ ವೈದ್ಯರಿಬ್ಬರಿಗೂ ಹೇಳಿದೆ. ನಮ್ಮ ವಾರ್ಡಿನಲ್ಲಿ ಹೀಗೆ ಮಾಡುತ್ತಿದ್ದೆವು: ಒಬ್ಬರು ಡ್ರಿಪ್ ಹಾಕುತ್ತಿರುವಾಗಲೇ ಇನ್ನೊಬ್ಬರು ತಂದೆಗೆ ಫೋನ್ ಮಾಡುವುದು, ಇಬ್ಬರು ಸಿಬ್ಬಂದಿ ಅವರ ಸಮ್ಮತಿಯನ್ನು ಕೇಳಿಸಿಕೊಂಡು ಸಮಯದೊಂದಿಗೆ ಕೇಸ್ ಶೀಟಿನಲ್ಲಿ ಬರೆದು ಸಹಿ ಮಾಡುವುದು. ಫೋನ್ ಸಿಗದಿದ್ದರೆ, ಏಕೆ ಕಾಯಲಾಗುವುದಿಲ್ಲ ಎಂದು ವೈದ್ಯರು ಬರೆಯುತ್ತಿದ್ದರು. ನಿಮ್ಮ ಹಾಸ್ಟೆಲ್ ದಾಖಲಾತಿ ಅರ್ಜಿಯಲ್ಲಿ ಪ್ರತಿ ಹುಡುಗನ ರಕ್ತದ ಗುಂಪು, ಯಾವ ಔಷಧಿ ಆಗುವುದಿಲ್ಲ, ಸಕ್ಕರೆ ಕಾಯಿಲೆ ಅಥವಾ ಫಿಟ್ಸ್ ಇದೆಯೇ, ಎರಡು ಫೋನ್ ಸಂಖ್ಯೆ, ಇಷ್ಟನ್ನು ಇವತ್ತೇ ಸೇರಿಸಿ.

ಪ್ರಶ್ನೆ: ಉಡುಪಿಯವಳು, ಈಗ ಇಂಗ್ಲೆಂಡಿನಲ್ಲಿ ನರ್ಸ್. ಇಲ್ಲಿ 15 ವರ್ಷದ ಹುಡುಗಿ ತಾಯಿಗೆ ತಿಳಿಸದೆ ಗರ್ಭನಿರೋಧಕ ಮಾತ್ರೆ ಪಡೆಯಬಹುದು. ನನ್ನ ಮನಸ್ಸು ಇನ್ನೂ ಒಗ್ಗುತ್ತಿಲ್ಲ. ಊರಿನಲ್ಲಾದರೆ ಹೀಗೆ ಆಗುತ್ತಿತ್ತೇ?

ಉತ್ತರ: ಆಗುತ್ತಿರಲಿಲ್ಲ. ನೀವಿರುವ ದೇಶದಲ್ಲಿ ಇದನ್ನು ತೀರ್ಮಾನಿಸಿದ್ದು 1985ರ ಗಿಲಿಕ್ ಪ್ರಕರಣ. ತನಗೆ ತಿಳಿಸದೆ ತನ್ನ ಹೆಣ್ಣುಮಕ್ಕಳಿಗೆ ಇಂಥ ಸಲಹೆ ಕೊಡಬಾರದು ಎಂದು ಒಬ್ಬ ತಾಯಿ ಕೋರ್ಟಿಗೆ ಹೋದರು. ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಮೂರು ಎರಡರ ಬಹುಮತದಿಂದ ಸೋತರು. 16 ತುಂಬದ ಮಗುವೂ ಚಿಕಿತ್ಸೆಯ ಸ್ವರೂಪ, ಪರಿಣಾಮಗಳನ್ನು ಪೂರ್ಣವಾಗಿ ಅರ್ಥಮಾಡಿಕೊಳ್ಳಬಲ್ಲುದಾದರೆ ತಾನೇ ಸಮ್ಮತಿ ಕೊಡಬಹುದು ಎಂದಾಯಿತು. 16, 17 ವರ್ಷದವರಿಗಂತೂ ಅಲ್ಲಿ 1969ರ ಕಾಯ್ದೆಯೇ ಆ ಹಕ್ಕು ಕೊಟ್ಟಿದೆ. ನಮ್ಮಲ್ಲಿ ಚಿಕಿತ್ಸೆಯ ಸಮ್ಮತಿಗೆ ಇಂಥದೇ ವಯಸ್ಸು ಎಂದು ಹೇಳುವ ಒಂದೇ ಕಾನೂನು ಇಲ್ಲ. 12 ವರ್ಷದೊಳಗಿನವರ ಸಮ್ಮತಿ ಸಮ್ಮತಿಯೇ ಅಲ್ಲ ಎಂದು ನ್ಯಾಯ ಸಂಹಿತೆ ಹೇಳುತ್ತದೆ. ಗರ್ಭಪಾತ, ಮಾನಸಿಕ ಚಿಕಿತ್ಸೆಯ ಕಾಯ್ದೆಗಳು 18 ಎನ್ನುತ್ತವೆ. ಆಸ್ಪತ್ರೆಗಳು ಎಲ್ಲದಕ್ಕೂ 18 ಎಂದೇ ನಡೆದುಕೊಳ್ಳುತ್ತವೆ.

ನಿಮ್ಮ ಮನಸ್ಸು ಒಗ್ಗದಿರುವುದರಲ್ಲಿ ತಪ್ಪಿಲ್ಲ. ಆದರೆ ಕೌಂಟರಿನ ಆಚೆ ನಿಂತ ಹುಡುಗಿಗೆ ಅದು ನಿಮ್ಮ ಮುಖದಲ್ಲಿ ಕಾಣಬಾರದು. ತಾಯಿಗೆ ಹೇಳುವಂತೆ ಅವಳನ್ನು ಒಲಿಸಲು ಪ್ರಯತ್ನಿಸಬೇಕು ಎಂಬುದೂ ಅಲ್ಲಿನ ನಿಯಮದಲ್ಲೇ ಇದೆಯಲ್ಲ, ನಮ್ಮ ಊರಿನ ಮನಸ್ಸನ್ನು ಆ ಮಾತಿಗೆ ಬಳಸಿ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ. ವಯಸ್ಸು 16. ಹೊಟ್ಟೆನೋವಿಗೆ ಸ್ಕ್ಯಾನಿಂಗ್ ಮಾಡಿಸಿದರು. ಮನೆಯಲ್ಲಿ ‘ಗ್ಯಾಸ್’ ಎಂದರು. ಬೀರುವಿನಲ್ಲಿದ್ದ ರಿಪೋರ್ಟ್ ನಾನೇ ತೆಗೆದು ಓದಿದೆ. ಅಂಡಾಶಯದಲ್ಲಿ ಗಡ್ಡೆ ಇದೆಯಂತೆ. ಮುಂದಿನ ತಿಂಗಳು ಆಪರೇಷನ್, ಅಪ್ಪ ಸಹಿ ಮಾಡಿಯಾಗಿದೆ. ‘ಯಾರಿಗೂ ಗೊತ್ತಾಗಬಾರದು, ನಾಳೆ ಮದುವೆ ಮಾಡಬೇಕಲ್ಲ’ ಎಂದು ಅಮ್ಮ ಚಿಕ್ಕಮ್ಮನ ಹತ್ತಿರ ಹೇಳುತ್ತಿದ್ದರು. ನನ್ನನ್ನು ಯಾರೂ ಏನೂ ಕೇಳುವುದಿಲ್ಲವೇ?

ಉತ್ತರ: ಕೇಳಬೇಕು ಮಗಳೇ. ನಿನ್ನ ಪತ್ರವನ್ನು ನಾನು ಎಲ್ಲಕ್ಕಿಂತ ಹೆಚ್ಚು ಸಲ ಓದಿದ್ದೇನೆ.

ನಮ್ಮಲ್ಲಿ ಎರಡು ಮಾತುಗಳಿವೆ, ಸಮ್ಮತಿ ಮತ್ತು ಒಪ್ಪಿಗೆ. ಕಾಗದದ ಮೇಲಿನ ಸಮ್ಮತಿ ನಿನ್ನ ಅಪ್ಪನದು. ಆ ಮೈ ನಿನ್ನದು, ಒಪ್ಪಿಗೆ ನಿನ್ನಿಂದಲೇ ಬರಬೇಕು. ಔಷಧ ಸಂಶೋಧನೆಗೆ ಮಕ್ಕಳನ್ನು ಸೇರಿಸಿಕೊಳ್ಳುವಾಗ, 12 ದಾಟಿದವರ ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆಯಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಸಂಶೋಧನೆಗೆ ಇಷ್ಟು ಕೇಳುವ ನಾವು, ಹೊಟ್ಟೆ ಕೊಯ್ಯುವಾಗ ನಿನ್ನನ್ನು ಕೇಳದಿದ್ದರೆ ಹೇಗೆ? ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯ ಕೇಳಬೇಕು ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿಕೊಂಡಿದೆ.

ಅಮ್ಮ ಮುಚ್ಚಿಟ್ಟಿರುವುದು ನಿನ್ನ ಮೇಲಿನ ಪ್ರೀತಿಯಿಂದ, ಊರಿನ ಬಾಯಿಯ ಹೆದರಿಕೆಯಿಂದ. ರಿಪೋರ್ಟ್ ಓದಿದ್ದೇನೆ ಎಂದು ಅವರಿಗೆ ಹೇಳಿಬಿಡು. ಜಗಳದ ಹೊತ್ತಿನಲ್ಲಿ ಬೇಡ, ರಾತ್ರಿ ಊಟ ಮುಗಿದು ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ನಿಂತು ಹೇಳು. ನಿನ್ನ ವಯಸ್ಸಿನಲ್ಲಿ ಬರುವ ಇಂಥ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಒಂದು ಅಂಡಾಶಯ ಆರೋಗ್ಯವಾಗಿದ್ದರೂ ಮುಂದೆ ಮಕ್ಕಳಾಗಬಹುದು. ಅಮ್ಮನಿಗೂ ಇದು ಗೊತ್ತಿಲ್ಲದಿರಬಹುದು.

ಆಪರೇಷನ್‌ಗೆ ಮೊದಲು ವೈದ್ಯರನ್ನು ನೀನೇ ಕೇಳು: ಗಡ್ಡೆಯನ್ನು ಮಾತ್ರ ತೆಗೆಯುತ್ತೀರೋ, ಅಂಡಾಶಯವನ್ನೂ ತೆಗೆಯಬೇಕಾಗಬಹುದೋ? ಸಣ್ಣ ರಂಧ್ರದ ಮೂಲಕವೋ, ಹೊಟ್ಟೆ ಕೊಯ್ದೋ? ಒಳಗೆ ಬೇರೆ ಏನಾದರೂ ಕಂಡರೆ ಏನು ಮಾಡುತ್ತೀರಿ? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದ 44 ವರ್ಷದ ಮಹಿಳೆಯೊಬ್ಬರ ಗರ್ಭಕೋಶ, ಅಂಡಾಶಯಗಳನ್ನು, ಹೊರಗೆ ಕುಳಿತಿದ್ದ ಅವರ ತಾಯಿಯ ಸಹಿ ಪಡೆದು ತೆಗೆದುಹಾಕಿದ್ದರು. ಅದು ಸಮ್ಮತಿಯೇ ಅಲ್ಲ, ಒಂದಕ್ಕೆ ಕೊಟ್ಟ ಸಮ್ಮತಿ ಇನ್ನೊಂದಕ್ಕೆ ಆಗುವುದಿಲ್ಲ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪು ಬರೆದವರು ಅದಕ್ಕೂ ಮೊದಲು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್. ನಿನ್ನ ವಿಷಯದಲ್ಲಿ ಸಹಿ ಅಪ್ಪನದೇ ಆದರೂ, ಅವರು ಯಾವುದಕ್ಕೆ ಸಹಿ ಮಾಡಿದ್ದಾರೆ ಎಂಬುದು ಆ ಕಾಗದದಲ್ಲಿ ಸ್ಪಷ್ಟವಾಗಿರಬೇಕು. ಓದಿ ನೋಡು.

ವೈದ್ಯರ ಮುಂದೆ ಬಾಯಿ ಬಾರದಿದ್ದರೆ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು. ದಾಖಲಾಗುವ ದಿನ ನಿನ್ನ ರಕ್ತದೊತ್ತಡ ನೋಡಲು ಬರುವ ಸಿಸ್ಟರ್ ಕೈಗೆ ಆ ಹಾಳೆ ಕೊಡು. ವೈದ್ಯರನ್ನು ನಿನ್ನ ಮಂಚದ ಹತ್ತಿರ ಕರೆತಂದು ಕೂರಿಸುವುದು ಅವಳ ಕೆಲಸ, ಅವಳಿಗೆ ಅದು ಗೊತ್ತಿರುತ್ತದೆ. ಪ್ರಾಯೋಗಿಕ ಪರೀಕ್ಷೆಯ ತಾರೀಖನ್ನೂ ಅದೇ ಹಾಳೆಯಲ್ಲಿ ಬರೆ. ಆಪರೇಷನ್ ದಿನವನ್ನು ಅದಕ್ಕೆ ಹೊಂದಿಸಬಹುದೇ ಎಂದು ಕೇಳಬಹುದು. ಗಡ್ಡೆ ತಿರುಚಿಕೊಂಡರೆ ಮಾತ್ರ ಕಾಯಲಾಗುವುದಿಲ್ಲ. ಇದ್ದಕ್ಕಿದ್ದಂತೆ ತಡೆಯಲಾಗದ ನೋವು, ವಾಂತಿ ಬಂದರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು, ಆಗ ಅಮ್ಮನಿಂದ ಮುಚ್ಚಿಡಬೇಡ.